ಬಸ್ಸಮ್ಮನ ಎಡಗಿವಿ

ಶಹಾಪುರದ ಮೀನು ಮಾರುಕಟ್ಟೆಯಲ್ಲಿ ನನ್ನ ಅತ್ತೆ ಬಸ್ಸಮ್ಮನ ಎಡಗಿವಿಯ ಮಹಿಮೆ ಗೊತ್ತಿಲ್ಲದ ಗಿರಾಕಿ ಊರಿಗೆ ಹೊಸಬನೇ ಇರಬೇಕು. ಅವನು ಬುಟ್ಟಿಯ ಮುಂದೆ ನಿಂತು ರೋಹು ಮೀನಿನ ಕಿವಿರು ಎತ್ತಿ ನೋಡುವ ತನಕ ಆಕೆ ಬೀಗರ ಜೊತೆ ಮಾತಾಡಿದಂತೆ ಮಾತಾಡುತ್ತಾಳೆ. ಬೆಲೆ ಇಳಿಸಿ ಕೇಳಿದನೋ, ಮುಗಿಯಿತು. ಮುಖ ಮೆಲ್ಲಗೆ ಬಲಕ್ಕೆ ಹೊರಳಿ ಎಡಗಿವಿ ಅವನ ಬಾಯಿಗೆ ಎದುರಾಗುತ್ತದೆ. ಅವನು ಮತ್ತೊಮ್ಮೆ ಕೇಳುತ್ತಾನೆ. ಅತ್ತೆ ಪಕ್ಕದಲ್ಲಿ ಒಣಮೀನು ಮಾರುವ ಜಹೀರುನ್ನೀಸಾಳನ್ನು ಮೊಮ್ಮಗನ ಶೀತ ವಾಸಿಯಾಯಿತೇ ಎಂದು ವಿಚಾರಿಸುತ್ತಿರುತ್ತಾಳೆ. ಅವನು ನಾಚಿಕೊಂಡು ಬೆಲೆ ಏರಿಸಿದ ಕ್ಷಣ ಮುಖ ವಾಪಸು ತಿರುಗುತ್ತದೆ, ಕತ್ತಿ ಮೀನಿನ ಮೇಲೆ ಬೀಳುತ್ತದೆ.

ಈ ವಿದ್ಯೆ ಆಕೆಗೆ ಬಂದದ್ದು ಅವಳ ಅತ್ತೆ ಶೇಖಮ್ಮನಿಂದ. ಕಡಿಮೆ ಬೆಲೆ ಕೂಗಿದವನಿಗೆ ಎಡಗಿವಿ ಕೊಡು, ಸರಿಯಾದ ಬೆಲೆ ಹೇಳಿದವನಿಗೆ ಬಲಗಿವಿ ಕೊಡು ಎಂದು ಶೇಖಮ್ಮ ಹೇಳಿಕೊಟ್ಟಿದ್ದಳಂತೆ. ಇಡೀ ಮಾರುಕಟ್ಟೆಗೆ ಇದು ನಾಟಕ ಎಂದು ಗೊತ್ತು. ಗೊತ್ತಿದ್ದೂ ಸೋಲುತ್ತಾರೆ, ಏಕೆಂದರೆ ಕಿವುಡಿಯ ಜೊತೆ ಜಗಳ ಆಡುವುದು ಹೇಗೆ?

ಮಾರುಕಟ್ಟೆಯಲ್ಲಿ ಈ ಆಟ ಚೆಂದ. ಆದರೆ ಅದನ್ನೇ ಮನೆಯಲ್ಲಿ ಸೊಸೆಯ ಮೇಲೆ ಆಡಿದರೆ? ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಕೊಂಕಲ್‌ನಲ್ಲಿ ನನ್ನ ತವರು, ಅಲ್ಲೇ ಹತ್ತನೇ ತನಕ ಓದಿದ್ದೆ. ಮದುವೆಯ ದಿನ ಅವ್ವ ಸೆರಗು ಹಿಡಿದು ಒಂದೇ ಮಾತು ಹೇಳಿ ಕಳಿಸಿದ್ದಳು: ಅತ್ತೆಯ ಮುಂದೆ ದನಿ ಏರಿಸಬೇಡ, ನಿನ್ನ ಬಾಯಿ ನನಗೆ ಗೊತ್ತು. ಹಾಗಾಗಿ ಅತ್ತೆಯ ಹತ್ತಿರ ಮಾತ್ರ ನಾನು ಬೆಕ್ಕಿನ ಹೆಜ್ಜೆಯಂಥ ದನಿಯಲ್ಲಿ ಮಾತಾಡುತ್ತಿದ್ದೆ. ಉಳಿದ ದನಿಯೆಲ್ಲ ಗಂಡ ಬಾಲರಾಜನ ಪಾಲಿಗೆ ಬರುತ್ತಿತ್ತು.

ಹೊಳೆದಂಡೆಯ ನಮ್ಮ ಮನೆಯಲ್ಲಿ ಅತ್ತೆ ಬಾಗಿಲ ಬೆಳಕಿಗೆ ಕೂತು ಬಲೆ ಹೆಣೆಯುತ್ತಾಳೆ, ಒಲೆ ಆಕೆಯ ಎಡಕ್ಕಿದೆ. ಮದುವೆಯಾಗಿ ಬಂದ ಮರುದಿನ ಬೆಳಿಗ್ಗೆ ಒಲೆಯ ಮುಂದೆ ನಿಂತು, ಚಹಾಕ್ಕೆ ಬೆಲ್ಲ ಹಾಕಲೋ ಸಕ್ಕರೆ ಹಾಕಲೋ ಎಂದು ಕೇಳಿದೆ. ಉತ್ತರವಿಲ್ಲ. ಇನ್ನೊಮ್ಮೆ ಕೇಳಿದೆ. ಬಲೆಯ ಗಂಟು ಬಿಗಿಯುತ್ತಾ ಕೂತೇ ಇದ್ದಳು. ಸರಿ, ಸಕ್ಕರೆ ಹಾಕಿ ಕೊಟ್ಟೆ. ಒಂದು ಗುಟುಕು ಕುಡಿದು ಮುಖ ಕಿವುಚಿದಳೇ ಹೊರತು ಮಾತಿಲ್ಲ. ಅಂದಿನಿಂದ ಹೀಗೇ. ಅನ್ನಕ್ಕೆ ಎಷ್ಟು ಅಕ್ಕಿ ಇಡಲಿ, ತವರಿಗೆ ಹೋಗಿ ಬರಲೇ, ನಿಮ್ಮ ಕಾಲು ಒತ್ತಲೇ, ಏನು ಕೇಳಿದರೂ ಎಡಗಿವಿ. ಎದುರಿಗೆ ಹೋಗಿ ನಿಂತರೆ ಮಾತ್ರ ಏನು ಬೇಕು ಎನ್ನುವಂತೆ ನೋಡುವಳು, ಆ ನೋಟಕ್ಕೇ ಸಿಟ್ಟು ಬಂದು ನಾನು ಕೇಳದೆ ತಿರುಗಿಬಿಡುತ್ತಿದ್ದೆ. ಬಡ ಗಿರಾಕಿಗೂ ನನಗೂ ವ್ಯತ್ಯಾಸವೇ ಇಲ್ಲದಂತಾಯಿತು.

ಎರಡು ವರ್ಷ ನುಂಗಿಕೊಂಡೆ. ಕೊನೆಗೆ ಬಾಲರಾಜನಿಗೆ ಹೇಳಿಬಿಟ್ಟೆ, ಭೀಮರಾಯನಗುಡಿಯಲ್ಲಿ ಒಂದು ಖೋಲಿ ನೋಡು, ಬೇರೆ ಇರೋಣ ಎಂದು. ಅವನು ತನ್ನ ಅವ್ವನಿಗೂ ಹೆದರುತ್ತಾನೆ, ನನಗೂ ಹೆದರುತ್ತಾನೆ. ಅವ್ವನ ಕಿವಿಯ ಆಪರೇಶನ್ ಒಂದು ಮುಗಿಯಲಿ, ಆಮೇಲೆ ನೋಡೋಣ ಎಂದು ಕೈ ಜೋಡಿಸಿದ. ಆಪರೇಶನ್ ಯಾವುದು ಎಂದರೆ, ಬಲಗಿವಿಯದು.

ಬಲಗಿವಿ ಸೋರುವುದು ಶುರುವಾಗಿ ಬಹಳ ದಿನಗಳಾಗಿದ್ದವು. ದಿಂಬಿನ ಮೇಲೆಲ್ಲ ಹಳದಿ ಕಲೆ. ಹೊಳೆಯ ಜನಕ್ಕೆ ಕಿವಿ ಸೋರುವುದು ಶೀತ ಆದಷ್ಟೇ ಸಹಜ; ಬೆಳ್ಳುಳ್ಳಿ ಕಾಸಿದ ಎಣ್ಣೆ ಬಿಟ್ಟು ಹತ್ತಿ ತುರುಕಿದರೆ ಮುಗಿಯಿತು. ಅತ್ತೆಯೂ ಅದನ್ನೇ ಮಾಡಿದಳು, ಕಿವಿ ಇನ್ನಷ್ಟು ಸೋರಿತು. ನಸುಕಿನಲ್ಲಿ ದಂಡೆಯ ಮೇಲೆ ಮೀನಿನ ಹರಾಜಿನ ಸವಾಲು ನಡೆಯುವಾಗ ಒಂದು ಕೂಗು ಸರಿಯಾಗಿ ಕೇಳದೆ ಒಳ್ಳೆಯ ಕಟ್ಲಾ ಮೀನು ಬೇರೆಯವರ ಪಾಲಾದ ದಿನ ಆಕೆಗೆ ನಿಜವಾಗಿ ಭಯವಾಯಿತು. ಕಿವಿ ಹೋದರೆ ತನ್ನ ದಂಧೆ ಹೋಯಿತು, ಮಗನ ಕೈ ನೋಡುತ್ತಾ ಮೂಲೆಯಲ್ಲಿ ಕೂರುವ ಹೆಂಗಸು ತಾನಲ್ಲ ಎಂದು ತಾನೇ ದವಾಖಾನೆಗೆ ಹೊರಟಳು. ಜೊತೆಗೆ ನಾನು. ಬೇರೆ ಯಾರಿದ್ದರು?

ಶಹಾಪುರದ ಕಿವಿ-ಮೂಗಿನ ಡಾಕ್ಟರ್ ಶಾಯಿಸ್ತಾ ಮೇಡಂ ನಮ್ಮ ಗಿರಾಕಿಯೇ. ಎಡಗಿವಿಗೆ ಎಷ್ಟೋ ಸಲ ಸೋತವರು. ಬಲಗಿವಿಯೊಳಗೆ ದೀಪ ಹಾಕಿ ನೋಡಿ, ತಮಟೆಯಲ್ಲಿ ತೂತು ಬಿದ್ದಿದೆ, ತೇಪೆ ಹಾಕಬೇಕು ಎಂದರು. ಎಡಗಿವಿಯಲ್ಲಿ ಸೋರಿಕೆ ಇರಲಿಲ್ಲ, ನೋವಿರಲಿಲ್ಲ. ತಮಟೆಯ ಮೇಲ್ತುದಿಯಲ್ಲಿ ಸ್ವಲ್ಪ ಒಣ ಹಕ್ಕಳೆ ಮಾತ್ರ ಕಂಡಿತು. ಆಮೇಲೆ ಕೇಳುವ ಶಕ್ತಿಯ ಪರೀಕ್ಷೆ. ಗಾಜಿನ ಪುಟ್ಟ ಕೋಣೆಯಲ್ಲಿ ಅತ್ತೆಯನ್ನು ಕೂರಿಸಿ, ತಲೆಗೆ ಹೆಡ್‌ಫೋನ್ ಹಾಕಿ, ಕೈಗೆ ಒಂದು ಬಟನ್ ಕೊಟ್ಟರು. ಸದ್ದು ಕೇಳಿದಾಗಲೆಲ್ಲ ಒತ್ತಬೇಕು.

ಬಲಗಿವಿಗೆ ಸದ್ದು ಬಂದಾಗ ಅತ್ತೆ ತಕ್ಕಮಟ್ಟಿಗೆ ಒತ್ತಿದಳು. ಎಡಗಿವಿಗೆ ಬಂದಾಗ ಒತ್ತಲೇ ಇಲ್ಲ. ಯಂತ್ರದ ಮುಂದೆ ಕೂತಿದ್ದ ಹುಡುಗಿ ಗಾಬರಿಯಾಗಿ ಡಾಕ್ಟರನ್ನು ಕರೆದಳು. ನಾನು ನಕ್ಕುಬಿಟ್ಟೆ. ಇದು ಆಕೆಯ ವ್ಯಾಪಾರದ ಚಾಳಿ, ಎಡಗಡೆ ಯಾರು ಕೂಗಿದರೂ ಓಗೊಡುವುದಿಲ್ಲ, ನನಗೆ ಎರಡು ವರ್ಷದಿಂದ ಗೊತ್ತು ಎಂದೆ. ಶಾಯಿಸ್ತಾ ಮೇಡಂ ಕೂಡ ನಗುತ್ತಾ, ಬಸ್ಸಮ್ಮ, ಇಲ್ಲಿ ಮೀನಿಲ್ಲ, ಚೌಕಾಸಿ ಬೇಡ ಎಂದು ಬೈದರು. ಅತ್ತೆಗೆ ನಾಚಿಕೆಯಾಯಿತು. ಎರಡನೇ ಸಲ ಟಕಟಕನೆ ಬಟನ್ ಒತ್ತಿದಳು. ಎಡಗಿವಿ ಪಾಸಾಯಿತು, ಬಲಗಿವಿಗೆ ಆಪರೇಶನ್ ಎಂದು ತೀರ್ಮಾನವಾಯಿತು.

ಆದರೆ ಕತ್ತಿ ಹಿಡಿಯುವ ಮೊದಲು ಸಿಟಿ ಸ್ಕ್ಯಾನ್ ಆಗಲೇಬೇಕು ಎಂದು ಮೇಡಂ ಪಟ್ಟು ಹಿಡಿದರು. ಇಷ್ಟು ದಿನವಾದರೂ ಸೋರುವುದು ಯಾಕೆ ನಿಲ್ಲುತ್ತಿಲ್ಲ, ಕಿವಿಯ ಹಿಂದಿನ ಎಲುಬಿನೊಳಗೆ ಏನಿದೆ ಎಂದು ತಿಳಿಯಬೇಕಂತೆ. ಅತ್ತೆಗೆ ಅದು ಸುತಾರಾಂ ಇಷ್ಟವಿರಲಿಲ್ಲ. ಸೋರುವ ತೂತು ಕಣ್ಣಿಗೇ ಕಾಣುತ್ತಿರುವಾಗ ತಲೆಯ ಫೋಟೋ ತೆಗೆಯುವುದು ಯಾಕೆ, ತಾನೇನು ಲಗ್ನಕ್ಕೆ ನಿಂತ ಹುಡುಗಿಯೇ ಎಂದು ವಾದಿಸಿದಳು. ಆಗ ಮೇಡಂ ಕೇಳಿದರು, ಹೊಳೆಯಲ್ಲಿ ಬಂಡೆ ಎಲ್ಲಿದೆ ಎಂದು ತಿಳಿಯದೆ ನಿನ್ನ ಮಗ ಬಲೆ ಬೀಸುತ್ತಾನೇನು ಎಂದು. ಹರಿದ ಬಲೆ ಹೆಣೆದು ಹೆಣೆದು ಬೆರಳು ಸವೆದ ಹೆಂಗಸು, ಆ ಮಾತಿಗೆ ಒಪ್ಪಿದಳು.

ಯಾದಗಿರಿಯ ಸ್ಕ್ಯಾನಿಂಗ್ ಸೆಂಟರ್‌ಗೆ ಬಸ್ಸಿನಲ್ಲಿ ಹೋದೆವು. ದಾರಿಯುದ್ದಕ್ಕೂ ಅತ್ತೆ ಕಿಟಕಿಯ ಬದಿ, ನಾನು ಆಕೆಯ ಎಡಕ್ಕೆ. ಭೀಮಾ ಸೇತುವೆ ಬಂದಾಗ ನೀರು ಕಡಿಮೆಯಾಗಿದೆ ನೋಡಿ ಎಂದೆ. ಕಿಟಕಿಯ ಕಡೆ ಮುಖ ಮಾಡಿ ಕೂತಳು. ಸರಿ ಬಿಡಿ, ಖೋಲಿಗೆ ಮುಂಗಡ ಕೊಟ್ಟುಬಿಡುತ್ತೇನೆ ಎಂದು ಮನಸ್ಸಿನಲ್ಲೇ ಗೊಣಗಿದೆ.

ಸೆಂಟರ್‌ನಲ್ಲಿ ಇನ್ನೊಂದು ರಾಮಾಯಣ. ತಲೆಯ ಹತ್ತಿರ ಲೋಹದ ಚೂರೂ ಇರಬಾರದು, ಚಿತ್ರ ಕೆಡುತ್ತದೆ ಎಂದರು. ಕಿವಿಯ ಮೇಲಿನ ಬುಗುಡಿ, ಕೆಳಗಿನ ಬೆಂಡೋಲೆ, ಮೂಗುಬಟ್ಟು, ತುರುಬಿನ ಪಿನ್ನು, ಎಲ್ಲವನ್ನೂ ತೆಗೆಯಬೇಕು. ಅತ್ತೆಗೆ ಮದುವೆಯಾದಾಗಿನಿಂದ ಬುಗುಡಿ ಜಾಗ ಬಿಟ್ಟು ಕದಲಿರಲಿಲ್ಲ. ತಿರುಪು ಬಿಚ್ಚಲು ನಾನು ಸೋಪಿನ ನೀರು ಹಚ್ಚಿ ಒದ್ದಾಡಿದೆ, ಆಕೆ ನನ್ನ ತೋಳು ಹಿಡಿದುಕೊಂಡು ಹಲ್ಲು ಕಚ್ಚಿದಳು. ಬಿಚ್ಚಿದ ಒಡವೆಯನ್ನೆಲ್ಲ ಕರವಸ್ತ್ರದಲ್ಲಿ ಗಂಟು ಕಟ್ಟಿ, ಕ್ಷಣ ಯೋಚಿಸಿ, ನನ್ನ ಕೈಗೆ ಕೊಟ್ಟಳು. ಅಲ್ಲಾಡದೆ ಮಲಗಬೇಕು ಎಂದು ಹೇಳಿದ್ದಕ್ಕೆ, ಉಸಿರಾದರೂ ಬಿಡಬಹುದೋ ಇಲ್ಲವೋ ಎಂದು ಕೇಳಿದಳು. ದೊಡ್ಡ ಬಳೆಯಂಥ ಯಂತ್ರದೊಳಗೆ ತಲೆ ಹೋಯಿತು, ಗುಂಯ್‌ ಎಂದಿತು, ಚಹಾ ಆರುವುದರೊಳಗೆ ಮುಗಿದುಹೋಯಿತು. ಇಷ್ಟಕ್ಕಾ ಬುಗುಡಿ ಬಿಚ್ಚಿಸಿದ್ದು ಎಂದು ಆಕೆಗೆ ಬೇಸರವೇ ಆಯಿತು.

ಮರುದಿನ ಶಾಯಿಸ್ತಾ ಮೇಡಂ ಕಂಪ್ಯೂಟರಿನಲ್ಲಿ ಚಿತ್ರಗಳನ್ನು ಒಂದೊಂದೇ ಸರಿಸುತ್ತಾ ನೋಡಿದರು. ಮೊದಲು ಬಲಗಿವಿ. ಒಳಗಿನ ಪುಟ್ಟ ಎಲುಬುಗಳು ಗಟ್ಟಿಯಾಗಿವೆ, ತೂತು ಬಿಟ್ಟರೆ ದೊಡ್ಡ ತೊಂದರೆಯಿಲ್ಲ ಎಂದರು. ಸ್ಕ್ಯಾನ್‌ನಲ್ಲಿ ಎರಡೂ ಕಿವಿ ಬರುತ್ತವೆ, ಕೇಳಿದ್ದು ಒಂದೇ ಆದರೂ. ಎಡಗಿವಿ ಬಂದಾಗ ಅವರ ಕೈ ನಿಂತಿತು. ಅದೇ ಚಿತ್ರವನ್ನು ಹಿಂದೆ ಮುಂದೆ ಸರಿಸಿದರು. ಆಮೇಲೆ ಅತ್ತೆಯ ಮುಖ ನೋಡಿದರು, ನಗಲಿಲ್ಲ.

ಕಿವಿಯೊಳಗೆ ಜೋಳದ ಕಾಳಿಗಿಂತ ಚಿಕ್ಕ ಮೂರು ಎಲುಬುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡಿರುತ್ತವಂತೆ, ಸದ್ದು ಅವುಗಳ ಮೇಲೆಯೇ ದಾಟಿ ಒಳಗೆ ಹೋಗಬೇಕು. ಬಲಗಡೆಯ ಚಿತ್ರದಲ್ಲಿ ಅವು ಬೆಳ್ಳಗೆ ಕಾಣುತ್ತಿದ್ದವು. ಎಡಗಡೆ ಆ ಜಾಗದಲ್ಲಿ ಬೂದು ಬಣ್ಣದ ಮುದ್ದೆ. ಚರ್ಮದ ಗಂಟೊಂದು ವರ್ಷಗಳಿಂದ ಸದ್ದಿಲ್ಲದೆ ಬೆಳೆದು ಎಲುಬು ತಿಂದುಹಾಕಿತ್ತು. ಮೇಲೆ ಕಂಡ ಆ ಒಣ ಹಕ್ಕಳೆ ಅದರ ಮುಚ್ಚಳ. ಮುಖ ಆಡಿಸುವ ನರದ ಮೇಲಿನ ಎಲುಬೂ ತೆಳುವಾಗಿದೆ, ಹೀಗೇ ಬಿಟ್ಟರೆ ನಾಳೆ ಬಾಯಿ ಸೊಟ್ಟಗಾಗಬಹುದು, ಮೆದುಳಿಗೂ ಹೋಗಬಹುದು ಎಂದರು.

ನನಗೆ ಅರ್ಥವಾಗಲಿಲ್ಲ. ಎಲುಬೇ ಇಲ್ಲದಿದ್ದರೆ ಮೊನ್ನೆ ಬಟನ್ ಒತ್ತಿದ್ದು ಹೇಗೆ ಎಂದು ಕೇಳಿದೆ. ಮೇಡಂ ಅತ್ತೆಯ ಕಡೆ ತಿರುಗಿದರು.

"ಬಸ್ಸಮ್ಮ, ಖರೇ ಹೇಳು. ಅವತ್ತ ಸಪ್ಪಳ ಕೇಳಿ ಒತ್ತಿದ್ಯೋ, ಹಂಗ ಒತ್ತಿದ್ಯೋ?"

ಅತ್ತೆ ಸೆರಗಿನ ತುದಿ ಸುತ್ತತೊಡಗಿದಳು. ಕೊನೆಗೆ ಹೇಳಿದಳು, ಗಾಜಿನ ಆಚೆ ಕೂತ ಹುಡುಗಿಯ ಬೆರಳು ಕಾಣುತ್ತಿತ್ತು, ಅವಳು ಯಂತ್ರ ಒತ್ತಿದಾಗೆಲ್ಲ ತಾನೂ ಒತ್ತಿದೆ ಎಂದು. ಎಲ್ಲರೂ ನಗುತ್ತಿದ್ದರಲ್ಲ, ಮರ್ಯಾದೆ ಹೋಗಬಾರದು ಎಂದು ಹಾಗೆ ಮಾಡಿದೆ ಎಂದಳು. ಸದ್ದು ಬಹುಶಃ ಸಣ್ಣದಿರಬೇಕು, ಅದಕ್ಕೇ ಕೇಳಲಿಲ್ಲ, ತನ್ನ ಎಡಗಿವಿಗೆ ಏನೂ ಆಗಿಲ್ಲ, ಬರೀ ಸೋಗು ಹಾಕುತ್ತೇನೆ ಎಂದು ಮತ್ತೆ ಸಮರ್ಥಿಸಿಕೊಂಡಳು. ಹಾಗಾದರೆ ಗಿರಾಕಿ ಬೆಲೆ ಏರಿಸಿದ್ದು ನಿನಗೆ ತಿಳಿಯುವುದು ಹೇಗೆ ಎಂದು ಮೇಡಂ ಕೇಳಿದರು. ಅವರ ಮುಖ ನೋಡಿದರೆ ಗೊತ್ತಾಗುತ್ತದಲ್ಲ ಎಂದಳು ಅತ್ತೆ.

ಮೇಡಂ ಎದ್ದು ಆಕೆಯನ್ನು ಗೋಡೆಗೆ ಮುಖ ಮಾಡಿ ಕೂರಿಸಿದರು. ಬಲಗಿವಿಯ ಬಾಯಿಯನ್ನು ಬೆರಳಿನಿಂದ ಒತ್ತಿ ಉಜ್ಜುತ್ತಾ ನಿಂತರು, ಆ ಕಡೆಯಿಂದ ಏನೂ ಕೇಳಬಾರದೆಂದು. ನನ್ನನ್ನು ಎಡಗಡೆ ನಿಲ್ಲಿಸಿದರು.

"ಉಮಾ, ಮನ್ಯಾಗ ಹೆಂಗ ಮಾತಾಡ್ತೀಯೋ ಹಂಗೇ ಮಾತಾಡು. ಜೋರ ಬ್ಯಾಡ."

ಏನು ಮಾತಾಡಲಿ? ಬಾಯಿಗೆ ಬಂದದ್ದು ಅದೇ ಮಾತು.

"ಅತ್ತಿ, ಚಹಾಕ್ಕ ಬೆಲ್ಲ ಹಾಕ್ಲ್ಯಾ, ಸಕ್ರಿ ಹಾಕ್ಲ್ಯಾ?"

ಅತ್ತೆ ಗೋಡೆ ನೋಡುತ್ತಿದ್ದಳು. ಮತ್ತೆ ಕೇಳಿದೆ. ಬಲೆ ಹೆಣೆಯುವಾಗ ಕೂರುತ್ತಿದ್ದಂತೆಯೇ, ಅದೇ ಬಗ್ಗಿದ ಬೆನ್ನು, ಅದೇ ಮೌನ. ಮೂರನೇ ಸಲವೂ ಕೇಳಿದೆ. ಆಕೆ ಇನ್ನೂ ಕಾಯುತ್ತಲೇ ಇದ್ದಳು. ತುಸು ಹೊತ್ತಾದ ಮೇಲೆ ಬೇಸರದಿಂದ ಡಾಕ್ಟರಿಗೆ ಹೇಳಿದಳು:

"ಆಕಿಗಿ ಮಾತಾಡು ಅಂತ ಹೇಳ್ರಿ ಮೇಡಂ. ಮನ್ಯಾಗೂ ಹಿಂಗೇ. ಬಾಜೂಕ ಬಂದು ಸುಮ್ಕ ನಿಂದರ್ತಾಳ, ಒಂದ್ ಮಾತ್ ಆಡಂಗಿಲ್ಲ."

ಶಾಯಿಸ್ತಾ ಮೇಡಂ ಕೈ ತೆಗೆದರು. ನಾನು ಕುರ್ಚಿಯ ಮೇಲೆ ಕೂತುಬಿಟ್ಟೆ. ಎರಡು ವರ್ಷ ನಾನು ಒಲೆಯ ಮುಂದೆ ನಿಂತು ಅತ್ತೆ ಸೊಕ್ಕಿನವಳು ಎಂದುಕೊಂಡರೆ, ಅದೇ ಎರಡು ವರ್ಷ ಆಕೆ ಬಾಗಿಲಲ್ಲಿ ಕೂತು ಸೊಸೆ ಓದಿದ ಸೊಕ್ಕಿನಲ್ಲಿ ಮಾತೇ ಆಡುವುದಿಲ್ಲ ಎಂದುಕೊಂಡಿದ್ದಳು. ಮಾರುಕಟ್ಟೆಯಲ್ಲಿ ಕಿವುಡಿಯಂತೆ ನಟಿಸುತ್ತಾ ನಟಿಸುತ್ತಾ ಕಿವಿ ನಿಜವಾಗಿ ಹೋದದ್ದು ಆಕೆಗೇ ತಿಳಿದಿರಲಿಲ್ಲ. ಫೋನು ಯಾವಾಗಲೂ ಬಲಗಿವಿಗೆ ಹಿಡಿಯುತ್ತಿದ್ದಳು, ಸವಾಲಿನಲ್ಲಿ ಯಾವಾಗಲೂ ಬಲಗಿವಿ ಕೂಗುವವನ ಕಡೆ ಇರುವಂತೆ ನಿಲ್ಲುತ್ತಿದ್ದಳು. ಅದೆಲ್ಲ ನಮ್ಮ ಕಣ್ಣೆದುರೇ ಇತ್ತು, ನಮಗೆ ಕಂಡಿದ್ದು ನಾಟಕ ಮಾತ್ರ. ಇಷ್ಟಾದರೂ ನನಗೆ ಸಿಟ್ಟು ಬಂತು. ಯಾರ ಮೇಲೆ ಬರಬೇಕು ಎಂದು ತಿಳಿಯದೆ, ಸತ್ತುಹೋದ ಶೇಖಮ್ಮನ ಮೇಲೆ ಬಂತು.

ಬಲಗಿವಿಯ ಆಪರೇಶನ್ ಅಲ್ಲಿಗೇ ನಿಂತಿತು. ಕೆಲಸಕ್ಕೆ ಬರುವ ಕಿವಿ ಅದೊಂದೇ ಎಂದು ತಿಳಿದ ಮೇಲೆ ಮೊದಲು ಅದಕ್ಕೇ ಕತ್ತಿ ಹಾಕುವ ಡಾಕ್ಟರ್ ಯಾರೂ ಇಲ್ಲ ಎಂದರು ಮೇಡಂ. ಏನಾದರೂ ಹೆಚ್ಚುಕಡಿಮೆಯಾದರೆ ಬಸ್ಸಮ್ಮ ಎರಡೂ ಕಡೆ ಕಿವುಡಾಗುತ್ತಿದ್ದಳು, ಎಡಗಡೆಯ ಗಂಟು ಒಳಗೇ ಉಳಿದಿರುತ್ತಿತ್ತು. ಈಗ ಎಡಗಿವಿ ಮೊದಲು. ನರ ಎಲ್ಲಿ ಬರಿದಾಗಿದೆ ಎಂದು ಚಿತ್ರದಲ್ಲಿ ಗೊತ್ತಾಗಿರುವುದರಿಂದ ಆ ಜಾಗದಲ್ಲಿ ಕೈ ಜೋಪಾನವಾಗಿ ಇಡುತ್ತೇನೆ ಎಂದರು. ಗಂಟು ತೆಗೆಯುವುದು ಖಂಡಿತ, ಕೇಳುವುದು ವಾಪಸು ಬರುವ ಭರವಸೆ ಮಾತ್ರ ಕೊಡಲಾರೆ ಎಂದೂ ಹೇಳಿದರು. ಅತ್ತೆ ಒಂದೇ ಪ್ರಶ್ನೆ ಕೇಳಿದಳು, ಬಾಯಿ ಸೊಟ್ಟಗಾದರೆ ಮೀನು ಕೂಗುವುದು ಹೇಗೆ ಎಂದು.

ದವಾಖಾನೆಯ ಮೆಟ್ಟಿಲಿಳಿಯುವಾಗ ನಾನು ಹಾದಿ ಬದಲಿಸಿ ಆಕೆಯ ಬಲಕ್ಕೆ ಬಂದೆ. ಆಕೆಯೇ ಕೇಳಿದಳು:

"ಅಷ್ಟ್ ದಿನ ಏನೇನ್ ಕೇಳಿದ್ದಿ ನನಗ?"

"ಭಾಳ ಕೇಳೀನ್ರಿ ಅತ್ತಿ. ಮತ್ತ ಬೈದೂ ಬೈದೀನಿ."

"ಬೈದಿದ್ದ್ ಕೇಳ್ಲಿಲ್ಲ, ಛಲೋ ಆತು," ಎಂದಳು. ಬಸ್‌ಸ್ಟ್ಯಾಂಡಿನ ತನಕ ಇಬ್ಬರೂ ನಗುತ್ತಾ ಹೋದೆವು, ನಡುನಡುವೆ ಆಕೆ ಕಣ್ಣು ಒರೆಸಿಕೊಂಡಳು, ನಾನೂ ಒರೆಸಿಕೊಂಡೆ. ಭೀಮರಾಯನಗುಡಿಯಲ್ಲಿ ಖೋಲಿ ಸಿಕ್ಕಿದೆ ಎಂದು ಬಾಲರಾಜ ಆ ಸಂಜೆಯೇ ಬಂದು ಹೇಳಬೇಕೇ? ನಿನಗೆ ಬೇಕಾದರೆ ನೀನೊಬ್ಬನೇ ಹೋಗಿ ಇರು ಎಂದೆ. ಅವನು ಪಿಳಿಪಿಳಿ ನೋಡಿದ.

ಆಪರೇಶನ್ ಯಾದಗಿರಿಯ ದೊಡ್ಡ ದವಾಖಾನೆಯಲ್ಲಿ ಆಯಿತು, ಮಾಡಿದ್ದು ಶಾಯಿಸ್ತಾ ಮೇಡಂ ಅವರೇ. ಹೊರಗೆ ಕೂತಿದ್ದಾಗ ಆಕೆಯ ಒಡವೆಯ ಗಂಟು ಮತ್ತೆ ನನ್ನ ಮಡಿಲಲ್ಲಿತ್ತು. ಅಷ್ಟು ಹೊತ್ತು ಬಾಯಿ ಮುಚ್ಚಿ ಕೂತದ್ದು ನನ್ನ ಜೀವಮಾನದಲ್ಲೇ ಇಲ್ಲ. ಮೇಡಂ ಹೊರಬಂದು, ಗಂಟು ಪೂರ್ತಿ ಬಂತು, ಕಿವಿಯದೇ ಮೆತ್ತನೆಯ ಎಲುಬಿನ ಚೂರು ಕೆತ್ತಿ ಒಳಗೆ ಸೇತುವೆಯಂತೆ ಇಟ್ಟಿದ್ದೇನೆ, ಕಾದು ನೋಡೋಣ ಎಂದರು. ಅತ್ತೆಗೆ ಎಚ್ಚರವಾದ ಕೂಡಲೇ ಮೊದಲು ಮಾಡಿದ್ದು ನಗಲು ಯತ್ನಿಸಿದ್ದು. ಬಾಯಿ ಎರಡೂ ಕಡೆ ಸರಿಯಾಗಿ ಅರಳಿತು, ನಾನು ಅಲ್ಲೇ ಅತ್ತುಬಿಟ್ಟೆ.

ತಲೆಗೆ ಬಿಳಿ ರುಮಾಲಿನಂಥ ಪಟ್ಟಿ ಕಟ್ಟಿಕೊಂಡು ಆಕೆ ಮನೆಯಲ್ಲಿ ಕೂತ ದಿನಗಳಲ್ಲಿ ಬುಟ್ಟಿಯ ಮುಂದೆ ನಾನು ಕೂತೆ. ಎಡಗಿವಿಯ ವಿದ್ಯೆ ನನಗೆ ಬರಲಿಲ್ಲ. ಕಡಿಮೆ ಬೆಲೆ ಕೇಳಿದವರಿಗೆ ಸರಿಯಾಗಿ ಕೇಳಿಸಿಕೊಂಡೇ ಬೈದೆ. ಗಿರಾಕಿಗಳು ಬಸ್ಸಮ್ಮ ಯಾವಾಗ ಬರುತ್ತಾಳೆ ಎಂದು ದಿನಾ ಕೇಳತೊಡಗಿದರು. ಪಟ್ಟಿ ಬಿಚ್ಚಿದರು, ಒಳಗಿನ ಹತ್ತಿಯನ್ನೂ ತೆಗೆದರು. ಆಕೆ ಮೊದಲಿನಂತೆ ಬಾಗಿಲ ಬೆಳಕಿಗೆ ಬಲೆ ಹಿಡಿದು ಕೂತಳು. ಕೇಳುತ್ತದೆಯೇ ಎಂದು ಕೇಳಿದರೆ ಹೊಳೆಯ ಸದ್ದಿನಂತೆ ಏನೋ ಇದೆ ಎನ್ನುತ್ತಿದ್ದಳು. ನಾವೂ ಹೆಚ್ಚು ಕೇಳಲಿಲ್ಲ. ಮಾತಾಡಬೇಕೆಂದರೆ ನಾನು ಸುತ್ತಿ ಬಲಕ್ಕೆ ಹೋಗುತ್ತಿದ್ದೆ, ಅದೇ ರೂಢಿಯಾಯಿತು.

ಒಂದು ಬೆಳಿಗ್ಗೆ ನನಗೆ ನಿದ್ದೆಗಣ್ಣು. ಒಲೆ ಹಚ್ಚಿ ಪಾತ್ರೆ ಇಟ್ಟೆ. ಸುತ್ತಿ ಬಲಕ್ಕೆ ಹೋಗುವುದು ನೆನಪಾಗಲಿಲ್ಲ, ದನಿ ಏರಿಸುವುದೂ ನೆನಪಾಗಲಿಲ್ಲ. ಅವ್ವ ಕಲಿಸಿದ ಆ ಸಣ್ಣ ದನಿಯಲ್ಲೇ ಹಳೆಯ ಪ್ರಶ್ನೆ ಬಾಯಿಂದ ಬಂದುಬಿಟ್ಟಿತು. ಕೇಳಿ, ಉತ್ತರಕ್ಕೆ ಕಾಯದೆ, ಕೈ ತಾನಾಗಿ ಸಕ್ಕರೆ ಡಬ್ಬಿಗೆ ಹೋಯಿತು.

ಬಲೆಯ ಮೇಲಿನ ಕಣ್ಣು ಎತ್ತದೆಯೇ ಅತ್ತೆ ಹೇಳಿದಳು:

"ಬೆಲ್ಲ ಹಾಕ್ ಯವ್ವಾ. ಎರಡ್ ವರ್ಷ ಆತು, ನಿನ್ ಸಕ್ರಿ ಚಹಾ ಕುಡುದು ಕುಡುದು ಬಾಯಿ ಕೆಟ್ಟುಹೋಗ್ಯಾದ."